ಹದಿಹರೆಯದ ಹುಡುಗಿಯರ ಮುಟ್ಟಿನ ಆರೋಗ್ಯ: ಮೊದಲ ಸ್ರಾವಕ್ಕೆ ಮುಂಚಿನಿಂದ ವೈದ್ಯರ ಭೇಟಿಯವರೆಗೆ

ಮೈನೆರೆದ ಮೊದಲ ಎರಡು–ಮೂರು ವರ್ಷ ಮುಟ್ಟು ಹೇಳಿದ ಹೊತ್ತಿಗೆ ಬರುವುದಿಲ್ಲ. ಒಂದು ಸಲ 25 ದಿನಕ್ಕೆ, ಮತ್ತೊಂದು ಸಲ 42 ದಿನಕ್ಕೆ. ಒಮ್ಮೆ ಮೂರು ದಿನದಲ್ಲಿ ಮುಗಿದರೆ ಇನ್ನೊಮ್ಮೆ ಏಳು ದಿನ ಎಳೆಯುತ್ತದೆ. ಇದರಲ್ಲಿ ಬಹುಪಾಲು ಸಹಜವೇ. ಆದರೆ "ಈ ವಯಸ್ಸಿಗೆ ಎಲ್ಲರಿಗೂ ಹೀಗೇ" ಎಂಬ ಸಮಾಧಾನದ ಮಾತಿನಲ್ಲಿ ರಕ್ತಹೀನತೆ, ಥೈರಾಯ್ಡ್ ತೊಂದರೆ, ರಕ್ತ ಹೆಪ್ಪುಗಟ್ಟದ ಕಾಯಿಲೆ ಕೂಡ ಮುಚ್ಚಿಹೋಗುತ್ತವೆ. ಸಹಜವನ್ನೂ ಕಾಯಿಲೆಯನ್ನೂ ಬಿಡಿಸಿ ತೋರಿಸುವುದು ಬರೆದಿಟ್ಟ ಲೆಕ್ಕ: ಯಾವ ದಿನ ಬಂತು, ಎಷ್ಟು ದಿನ ಇತ್ತು, ಎಷ್ಟು ಪ್ಯಾಡ್ ಬೇಕಾಯಿತು, ನೋವು ಎಷ್ಟಿತ್ತು. ಹುಡುಗಿಯರೂ ಅವರ ತಾಯಂದಿರೂ ಕೂಡಿ ಓದಲೆಂದು ಇದನ್ನು ಬರೆದಿದೆ.

ಮೊದಲ ಮುಟ್ಟಿಗೆ ಮುಂಚೆಯೇ ಮಾಡಬೇಕಾದ್ದು

ಸ್ತನದ ಮೊಗ್ಗು ಕಾಣಿಸಿಕೊಂಡ ಸುಮಾರು ಎರಡರಿಂದ ಎರಡೂವರೆ ವರ್ಷಕ್ಕೆ ಮೊದಲ ಮುಟ್ಟು ಬರುತ್ತದೆ. ಹೆಚ್ಚಿನವರಿಗೆ ಇದು 10ರಿಂದ 15 ವರ್ಷದೊಳಗೆ, ಸರಾಸರಿ 12–13ಕ್ಕೆ. ಇನ್ನೇನು ಹತ್ತಿರ ಬಂತು ಎಂಬುದಕ್ಕೆ ಎರಡು ಸುಳಿವುಗಳಿವೆ. ಒಂದು, ಎತ್ತರ ಭರದಿಂದ ಏರಿದ ಕಾಲ ಕಳೆದಿರುತ್ತದೆ. ಇನ್ನೊಂದು, ಮುಟ್ಟಿಗೆ ಆರು ತಿಂಗಳಿಂದ ಒಂದು ವರ್ಷ ಮೊದಲೇ ಒಳಚಡ್ಡಿಯಲ್ಲಿ ತೆಳುವಾದ, ವಾಸನೆಯಿಲ್ಲದ ಬಿಳಿ ಸೆರಗು ಕಾಣಿಸುತ್ತದೆ. ಅದು ಸೋಂಕಲ್ಲ, ಔಷಧಿ ಬೇಡ.

ಮಾತಾಡಲು ಸರಿಯಾದ ವಯಸ್ಸು 9–10. ಮೊದಲ ರಕ್ತ ಕಂಡ ಮೇಲೆ ಹೇಳಿದರೆ ತಡವಾಯಿತು, ಏನೂ ತಿಳಿಯದ ಹುಡುಗಿ ತನಗೆ ಗಾಯವಾಗಿದೆ, ದೊಡ್ಡ ಕಾಯಿಲೆ ಬಂದಿದೆ ಎಂದು ಹೆದರುತ್ತಾಳೆ. ಹೇಳಬೇಕಾದ್ದು ಇಷ್ಟೇ: ಗರ್ಭಕೋಶದ ಒಳಪದರ ಮುಟ್ಟಿನ ಪ್ರತಿ ಸುತ್ತಿನಲ್ಲೂ ದಪ್ಪವಾಗುತ್ತದೆ, ಗರ್ಭ ನಿಲ್ಲದಿದ್ದರೆ ಅದು ಕಳಚಿ ಯೋನಿಯ ಮೂಲಕ ಹೊರಬರುತ್ತದೆ. ಮೂತ್ರ ಬರುವ ದಾರಿ ಬೇರೆ, ಮುಟ್ಟು ಬರುವ ದಾರಿ ಬೇರೆ ಎಂಬುದನ್ನು ಚಿತ್ರ ಬರೆದೇ ತೋರಿಸಿ. ಎಷ್ಟೋ ಮಂದಿಗೆ ದೊಡ್ಡವರಾದ ಮೇಲೂ ಇದು ಗೊತ್ತಿರುವುದಿಲ್ಲ. ಮೊದಲ ಸ್ರಾವ ಕೆಂಪಾಗಿಯೇ ಇರಬೇಕೆಂದಿಲ್ಲ. ಕಂದು ಬಣ್ಣದ ಎರಡು ಕಲೆಯಷ್ಟೇ ಇರಬಹುದು.

ಶಾಲೆಯ ಚೀಲದಲ್ಲಿ ಒಂದು ಸಣ್ಣ ಪೌಚ್ ಸದಾ ಇರಲಿ. ಎರಡು ಪ್ಯಾಡ್, ಒಂದು ಒಳಚಡ್ಡಿ, ಸುತ್ತಿ ಎಸೆಯಲು ಕಾಗದ, ಒದ್ದೆ ಬಟ್ಟೆ ಹಾಕಲು ಒಂದು ಕವರ್. ಮನೆಯಲ್ಲೇ ಒಮ್ಮೆ ಪ್ಯಾಡ್ ಅಂಟಿಸಿ, ತೆಗೆದು, ಸುತ್ತುವುದನ್ನು ಕೈಯಾರೆ ಮಾಡಿಸಿ ನೋಡಿ.

ಲೆಕ್ಕ ಬರೆಯುವ ಕ್ರಮ

ಗೋಡೆಯ ಕ್ಯಾಲೆಂಡರ್, ನೋಟ್‌ಬುಕ್, ಫೋನ್, ಯಾವುದಾದರೂ ಸರಿ. ಆ್ಯಪ್ ಬಳಸುವುದಾದರೆ ಒಂದು ಮಾತು. ಅವು ಹೇಳುವ "ಮುಂದಿನ ದಿನಾಂಕ" ಕ್ರಮಬದ್ಧ ಸುತ್ತಿನವರಿಗಷ್ಟೇ ಹೊಂದುತ್ತದೆ. ಹದಿಮೂರರ ಹುಡುಗಿಯ ವಿಷಯದಲ್ಲಿ ಅದು ಬರೀ ಊಹೆ. ಮೇಲಾಗಿ ಅಷ್ಟು ಖಾಸಗಿ ವಿವರ ಯಾವ ಕಂಪನಿಯ ಬಳಿ ಹೋಗಿ ಕೂರುತ್ತದೋ ನೋಡಿಕೊಳ್ಳಬೇಕು. ನಮ್ಮ ಮತ ನೋಟ್‌ಬುಕ್‌ಗೇ.

1. ಪ್ಯಾಡ್ ಬೇಕಾಗುವಷ್ಟು ರಕ್ತ ಕಂಡ ದಿನವೇ ಮೊದಲ ದಿನ. ಅದಕ್ಕೆ ಮುಂಚಿನ ಕಂದು ಕಲೆಯನ್ನು ಪಕ್ಕದಲ್ಲಿ ಚುಕ್ಕೆಯಾಗಿ ಗುರುತಿಸಿ, ಎಣಿಕೆಗೆ ಸೇರಿಸಬೇಡಿ.
2. ಪ್ರತಿ ದಿನ ಬದಲಿಸಿದ ಪ್ಯಾಡ್ ಎಷ್ಟು, ಅದರಲ್ಲಿ ಪೂರ್ತಿ ನೆನೆದದ್ದು ಎಷ್ಟು ಎಂದು ಬರೆಯಿರಿ. "6ರಲ್ಲಿ 4 ತುಂಬಿತ್ತು" ಎಂಬ ಸಾಲು ವೈದ್ಯರಿಗೆ "ತುಂಬಾ ಹೋಗುತ್ತದೆ" ಎಂಬ ಮಾತಿಗಿಂತ ಎಷ್ಟೋ ಹೆಚ್ಚು ಹೇಳುತ್ತದೆ.
3. ನೋವಿಗೆ 0ರಿಂದ 10ರ ಒಳಗೆ ಅಂಕ ಕೊಡಿ. ಮಾತ್ರೆ ತೆಗೆದುಕೊಂಡ ಹೊತ್ತು, ಶಾಲೆ ತಪ್ಪಿದ ದಿನ ಇವನ್ನೂ ಗುರುತಿಸಿ.
4. ಸುತ್ತಿನ ಉದ್ದ ಎಂದರೆ ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನಕ್ಕೆ ಇರುವ ಅಂತರ. ಜೂನ್ 3ಕ್ಕೆ ಬಂದು ಜುಲೈ 8ಕ್ಕೆ ಮತ್ತೆ ಬಂದರೆ 35 ದಿನ. ಎಲ್ಲರೂ ತಪ್ಪುವುದು ಇಲ್ಲೇ. ಮುಟ್ಟು ನಿಂತ ದಿನದಿಂದ ಎಣಿಸುತ್ತಾರೆ. ಆಗ 27 ದಿನದ ಸುತ್ತು 21 ದಿನದ್ದಾಗಿ ಕಾಣುತ್ತದೆ, "ತಿಂಗಳಿಗೆ ಎರಡು ಸಲ" ಎಂಬ ಗಾಬರಿ ಶುರುವಾಗುತ್ತದೆ.

ಹದಿಹರೆಯದಲ್ಲಿ 21ರಿಂದ 45 ದಿನದ ಸುತ್ತು, 2ರಿಂದ 7 ದಿನದ ಸ್ರಾವ, ದಿನಕ್ಕೆ 3ರಿಂದ 6 ಪ್ಯಾಡ್ ಸಹಜ. ಒಂದು ಮುಟ್ಟಿನಲ್ಲಿ ಹೋಗುವ ರಕ್ತ ಸಾಮಾನ್ಯವಾಗಿ 30–40 ಮಿ.ಲೀ. ಅದರ ಜೊತೆ ಲೋಳೆ, ಪದರದ ಚೂರುಗಳೂ ಇರುವುದರಿಂದ ನೋಡುವಾಗ ಹೆಚ್ಚು ಕಾಣುತ್ತದೆ. 80 ಮಿ.ಲೀ. ದಾಟಿದರೆ ಅತಿಸ್ರಾವ.

ಆರಂಭದಲ್ಲಿ ಸುತ್ತು ಏರುಪೇರಾಗುವುದೇಕೆ? ಮಿದುಳಿನ ಹೈಪೊಥಲಾಮಸ್, ಪಿಟ್ಯುಟರಿ ಗ್ರಂಥಿ, ಅಂಡಾಶಯ ಈ ಮೂರರ ನಡುವಿನ ಹಾರ್ಮೋನು ಸಂವಾದ ಕುದುರಲು ಕಾಲ ಬೇಕು. ಅಲ್ಲಿಯವರೆಗೆ ಹಲವು ಸುತ್ತುಗಳಲ್ಲಿ ಅಂಡಾಣು ಬಿಡುಗಡೆಯಾಗುವುದಿಲ್ಲ. ಅಂಡಾಣು ಬಿಡುಗಡೆಯಾಗದಿದ್ದರೆ ಪದರವನ್ನು ಹದದಲ್ಲಿಡುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಬರುವುದಿಲ್ಲ. ಈಸ್ಟ್ರೋಜನ್ ಎಂಬ ಇನ್ನೊಂದು ಹಾರ್ಮೋನಿನಿಂದಲೇ ಪದರ ಬೆಳೆಯುತ್ತಾ ಹೋಗಿ, ತಡವಾಗಿ, ಒಮ್ಮೆಲೇ ಹೆಚ್ಚಾಗಿ ಕಳಚುತ್ತದೆ. ಮೂರನೆಯ ವರ್ಷದ ಹೊತ್ತಿಗೆ ಹೆಚ್ಚಿನವರ ಸುತ್ತು 21–34 ದಿನಕ್ಕೆ ಬಂದು ನಿಲ್ಲುತ್ತದೆ.

ಪ್ಯಾಡ್, ಬಟ್ಟೆ, ಟ್ಯಾಂಪೂನ್, ಕಪ್

ಯಾವುದು ಒಳ್ಳೆಯದು ಎಂಬ ವಾದಕ್ಕಿಂತ ಅದನ್ನು ಬದಲಿಸಲು ಜಾಗ, ತೊಳೆಯಲು ನೀರು, ಒಣಗಿಸಲು ಬಿಸಿಲು ಇದೆಯೇ ಎಂಬುದು ಮುಖ್ಯ. ಹೊಸದಾಗಿ ಮುಟ್ಟಾದವರಿಗೆ ರೆಕ್ಕೆಯಿರುವ ಪ್ಯಾಡ್ ಸುಲಭ. ಹಗಲಿನಲ್ಲಿ 4–6 ಗಂಟೆಗೊಮ್ಮೆ ಬದಲಿಸಿ, ತುಂಬಿದರೆ ಅದಕ್ಕೂ ಮುಂಚೆಯೇ. ಈಗಿನ ಪ್ಯಾಡ್‌ಗಳಲ್ಲಿ ದ್ರವ ಜೆಲ್ ಆಗಿ ಮೇಲ್ಪದರ ಒಣಗಿದಂತೆ ಕಾಣುತ್ತದೆ, ಅದನ್ನು ನಂಬಿ ಇಡೀ ದಿನ ಒಂದನ್ನೇ ಇಟ್ಟುಕೊಂಡರೆ ತೊಡೆಸಂದು ಕೆಂಪಾಗಿ ಉರಿಯುತ್ತದೆ, ವಾಸನೆಯೂ ಬರುತ್ತದೆ. ಸುಗಂಧ ಹಾಕಿದ ಪ್ಯಾಡ್ ಬೇಡ. ತುರಿಕೆಗೆ ಹಲವು ಸಲ ಅದೇ ಕಾರಣ. ಬಳಸಿದ್ದನ್ನು ಸುರುಳಿ ಸುತ್ತಿ, ಕಾಗದದಲ್ಲಿ ಮಡಿಸಿ ಕಸದ ಬುಟ್ಟಿಗೆ ಹಾಕಿ. ಟಾಯ್ಲೆಟ್‌ಗೆ ಹಾಕಿದರೆ ಅದು ನೀರು ಹೀರಿ ಉಬ್ಬಿ ಪೈಪು ಕಟ್ಟುತ್ತದೆ.

ಬಟ್ಟೆ ಬಳಸುವುದರಲ್ಲಿ ಯಾವ ದೋಷವೂ ಇಲ್ಲ. ದೋಷ ಇರುವುದು ಅದನ್ನು ಯಾರಿಗೂ ಕಾಣದಂತೆ ಮೂಲೆಯಲ್ಲಿ, ಬೇರೆ ಬಟ್ಟೆಯ ಅಡಿಯಲ್ಲಿ ಒಣಗಿಸುವುದರಲ್ಲಿ.

1. ಬಣ್ಣ ಬಿಡದ, ಮೆತ್ತನೆಯ ಹತ್ತಿ ಬಟ್ಟೆ ಆರಿಸಿ. ದಿನಕ್ಕೆ ನಾಲ್ಕೈದು ಬದಲಿಕೆ, ಒಣಗಲು ಎರಡು ದಿನ ಎಂದು ಹಿಡಿದರೆ 8–10 ತುಂಡು ಬೇಕು.
2. ಮೊದಲು ತಣ್ಣೀರಿನಲ್ಲಿ 20–30 ನಿಮಿಷ ನೆನೆಸಿ, ಆ ನೀರು ಚೆಲ್ಲಿ. ಬಿಸಿನೀರು ಹಾಕಿದರೆ ರಕ್ತದ ಪ್ರೋಟೀನು ಗಟ್ಟಿಯಾಗಿ ನೂಲಿಗೆ ಹಿಡಿದುಕೊಳ್ಳುತ್ತದೆ, ಕಲೆ ಹೋಗುವುದಿಲ್ಲ.
3. ಸೋಪು ಹಚ್ಚಿ ಉಜ್ಜಿ, ನೀರು ತಿಳಿಯಾಗುವವರೆಗೆ ಜಾಲಿಸಿ. ಉಳಿದ ಸೋಪು ಚರ್ಮಕ್ಕೆ ಉರಿ ತರುತ್ತದೆ. ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಿದರೆ ಬಟ್ಟೆ ಹೀರುವ ಗುಣ ಕಳೆದುಕೊಳ್ಳುತ್ತದೆ.
4. ನೇರ ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ಮಳೆಗಾಲದಲ್ಲಿ ಗಾಳಿಗೆ ಹಾಕಿ, ಕೊನೆಗೆ ಇಸ್ತ್ರಿ ಮಾಡಿ. ಅರೆ ಒದ್ದೆ ಬಟ್ಟೆಯಲ್ಲಿ ಬೂಷ್ಟು ಬೆಳೆಯುತ್ತದೆ.
5. ಒಣ ಚೀಲದಲ್ಲಿಡಿ. ಗಡುಸಾದ ತುಂಡನ್ನು ಬಿಸಾಡಿ.

ಯೋನಿಯೊಳಗಿಡುವ ಹತ್ತಿಯ ಸುರುಳಿಯಾದ ಟ್ಯಾಂಪೂನ್ ಬಳಸುವವರು ಸ್ರಾವಕ್ಕೆ ಸಾಕಾಗುವ ಅತಿ ಕಡಿಮೆ ಹೀರಿಕೆಯದನ್ನೇ ಆರಿಸಬೇಕು, 4–8 ಗಂಟೆಯೊಳಗೆ ತೆಗೆಯಬೇಕು. ಒಳಗಿರುವಾಗ ದಿಢೀರ್ ಜ್ವರ, ವಾಂತಿ, ತಲೆಸುತ್ತು, ಬಿಸಿಲಿಗೆ ಸುಟ್ಟಂಥ ಕೆಂಪು ದದ್ದು ಕಂಡರೆ ತಕ್ಷಣ ತೆಗೆದು ಆಸ್ಪತ್ರೆಗೆ ಹೋಗಬೇಕು. ಅದು ಬ್ಯಾಕ್ಟೀರಿಯಾದ ವಿಷದಿಂದಾಗುವ ಟಾಕ್ಸಿಕ್ ಶಾಕ್ ಸಿಂಡ್ರೋಮ್ ಇರಬಹುದು. ಅಪರೂಪ, ಆದರೆ ಗಂಟೆಗಳಲ್ಲಿ ಕೈಮೀರುವಂಥದ್ದು.

ಯೋನಿಯೊಳಗಿಟ್ಟು ರಕ್ತ ಹಿಡಿಯುವ ಕಪ್ಪನ್ನು ಹದಿಹರೆಯದವರೂ ಬಳಸಬಹುದು, ಆದರೆ ಅವಸರವೇನಿಲ್ಲ. ಸಣ್ಣ ಅಳತೆಯ ಮೆದು ಕಪ್ ಕೊಂಡು, ಮೊದಲ ಬಳಕೆಗೆ ಮುಂಚೆ ಮುಳುಗುವಷ್ಟು ನೀರಿನಲ್ಲಿ 5 ನಿಮಿಷ ಕುದಿಸಿ. ಕೈ ತೊಳೆದು, ಕಪ್ಪನ್ನು ಮಡಿಸಿ, ಕುಕ್ಕರುಗಾಲಿನಲ್ಲಿ ಕೂತು, ಬೆನ್ನಿನ ಬುಡದ ಕಡೆಗೆ ಓರೆಯಾಗಿ ಸೇರಿಸಬೇಕು. ನೇರ ಮೇಲಕ್ಕೆ ತಳ್ಳಿದರೆ ನೋಯುತ್ತದೆ. ಒಳಗೆ ಪೂರ್ತಿ ಬಿಚ್ಚಿಕೊಂಡಿದೆಯೇ ಎಂದು ಬೆರಳಿನಿಂದ ತಳವನ್ನು ಸುತ್ತ ಮುಟ್ಟಿ ನೋಡಿ. ಸೋರಿದರೆ ಮಡಿಕೆ ಹಾಗೇ ಉಳಿದಿರಬಹುದು. ತೆಗೆಯುವಾಗ ಬಾಲವನ್ನು ಜಗ್ಗಬಾರದು. ತಳವನ್ನು ಎರಡು ಬೆರಳಿನಿಂದ ಒತ್ತಿ ಗಾಳಿ ಬಿಡಿಸಿ ಇಳಿಸಬೇಕು. 12 ಗಂಟೆ ಮೀರಿ ಇಡಬಾರದು. ಕನ್ಯಾಪೊರೆ ಹೋಗಿಬಿಡುತ್ತದೆ ಎಂಬ ಹೆದರಿಕೆಗೆ ಉತ್ತರ: ಅದು ದಾರಿ ಮುಚ್ಚಿದ ಬಾಗಿಲಲ್ಲ, ಅಂಚಿನಲ್ಲಿ ಹಿಗ್ಗುವ ತೆಳು ಮಡಿಕೆ. ಅದರಿಂದ ಯಾರ ನಡತೆಯನ್ನೂ ಅಳೆಯಲಾಗದು. ಆದರೂ ಹುಡುಗಿಗೆ ಮನಸ್ಸಿಲ್ಲದಿದ್ದರೆ ಒತ್ತಾಯ ಬೇಡ.

ತೊಳೆಯುವುದು

ಹೊರಭಾಗವನ್ನು ದಿನಕ್ಕೆ ಒಂದೆರಡು ಸಲ ಬರೀ ನೀರಿನಲ್ಲಿ, ಮುಂದಿನಿಂದ ಹಿಂದಕ್ಕೆ ತೊಳೆಯಿರಿ. ಹಿಂದಿನಿಂದ ಮುಂದಕ್ಕೆ ಒರೆಸಿದರೆ ಮಲದ ಬ್ಯಾಕ್ಟೀರಿಯಾ ಮೂತ್ರದ ದಾರಿಗೆ ಸೇರಿ ಉರಿಮೂತ್ರವಾಗುತ್ತದೆ. ಯೋನಿಯ ಒಳಗೆ ಸೋಪು, ಆ್ಯಂಟಿಸೆಪ್ಟಿಕ್, "ಇಂಟಿಮೇಟ್ ವಾಶ್" ಏನೂ ಬೇಡ. ಮೈನೆರೆದ ಮೇಲೆ ಅಲ್ಲಿ ಲ್ಯಾಕ್ಟೊಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ನೆಲೆಸಿ ಪಿಎಚ್ ಮಟ್ಟವನ್ನು 3.8–4.5ರ ಹುಳಿಯಲ್ಲಿ ಕಾಯುತ್ತದೆ. ಸೋಪು ಅದನ್ನೇ ಕೆಡಿಸುತ್ತದೆ. ಮುಟ್ಟಿನಲ್ಲಿ ಸ್ನಾನ, ತಲೆಗೆ ನೀರು, ಆಟ, ಓಟ ಎಲ್ಲವೂ ಆಗಬಹುದು.

ಹೊಟ್ಟೆನೋವು: ಸಹಿಸಿಕೋ ಎನ್ನುವುದು ಚಿಕಿತ್ಸೆಯಲ್ಲ

ಪದರ ಕಳಚುವಾಗ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಬಿಡುಗಡೆಯಾಗಿ ಗರ್ಭಕೋಶದ ಸ್ನಾಯುವನ್ನು ಹಿಂಡುತ್ತದೆ. ಹಿಂಡಿದಾಗ ರಕ್ತಸಂಚಾರ ತಗ್ಗಿ ನೋವಾಗುತ್ತದೆ. ಅದೇ ರಾಸಾಯನಿಕ ಕರುಳಿಗೂ ತಾಗುವುದರಿಂದ ಭೇದಿ, ವಾಕರಿಕೆ. ಮೊದಲ ಕೆಲವು ತಿಂಗಳು ನೋವಿಲ್ಲದೆ, ಆರು ತಿಂಗಳು–ವರ್ಷದ ನಂತರ ಶುರುವಾದರೆ ಆಶ್ಚರ್ಯಪಡಬೇಕಿಲ್ಲ. ಅಂಡಾಣು ಬಿಡುಗಡೆಯಾಗುವ ಸುತ್ತುಗಳು ಆರಂಭವಾದವು ಎಂಬ ಸೂಚನೆ ಅದು.

ಐಬುಪ್ರೊಫೆನ್‌ನಂಥ ಮಾತ್ರೆಗಳು ಪ್ರೊಸ್ಟಗ್ಲಾಂಡಿನ್ ತಯಾರಿಯನ್ನೇ ತಡೆಯುತ್ತವೆ. ಹಾಗಾಗಿ ಯಾವಾಗ ತೆಗೆದುಕೊಂಡಿರಿ ಎಂಬುದರ ಮೇಲೆಯೇ ಎಲ್ಲ ನಿಂತಿದೆ. ನೋವು ಏರಿ ಅಳುವಂತಾದ ಮೇಲೆ ನುಂಗಿದರೆ ರಾಸಾಯನಿಕ ಆಗಲೇ ತಯಾರಾಗಿರುತ್ತದೆ, ಮಾತ್ರೆ "ಕೆಲಸ ಮಾಡಲಿಲ್ಲ" ಎನಿಸುತ್ತದೆ. ಸ್ರಾವ ಅಥವಾ ನೋವು ಶುರುವಾದ ಕೂಡಲೇ ಮೊದಲ ಮಾತ್ರೆ ತೆಗೆದುಕೊಳ್ಳಬೇಕು. 12 ವರ್ಷ ದಾಟಿದವರಿಗೆ 200–400 ಮಿ.ಗ್ರಾಂ., ಊಟದ ಜೊತೆ, 6–8 ಗಂಟೆಗೊಮ್ಮೆ. ವೈದ್ಯರ ಸಲಹೆಯಿಲ್ಲದೆ ದಿನಕ್ಕೆ 1200 ಮಿ.ಗ್ರಾಂ. ಮೀರಬಾರದು. ಮೊದಲ ಎರಡು–ಮೂರು ದಿನ ಹೀಗೆ ಸಾಗಿ ನಿಲ್ಲಿಸಬೇಕು. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ನೋವಿನ ಮಾತ್ರೆಗೆ ಉಬ್ಬಸ ಏಳುವವರು, ರಕ್ತಸ್ರಾವದ ಕಾಯಿಲೆಯವರು, ಡೆಂಗಿ ಶಂಕೆಯ ಜ್ವರ ಇರುವವರು ಇದನ್ನು ಮುಟ್ಟಬಾರದು. ಅವರು ಪ್ಯಾರಸಿಟಮಾಲ್ 500 ಮಿ.ಗ್ರಾಂ. ಆರು ಗಂಟೆ ಅಂತರದಲ್ಲಿ ತೆಗೆದುಕೊಳ್ಳಬಹುದು, ಪರಿಣಾಮ ತುಸು ಕಡಿಮೆ. ಆಸ್ಪಿರಿನ್ ಬೇಡವೇ ಬೇಡ, ಅದು ರಕ್ತಸ್ರಾವ ಹೆಚ್ಚಿಸುತ್ತದೆ. ಇನ್ನೊಂದು ಎಚ್ಚರಿಕೆ: ಅಂಗಡಿಯಲ್ಲಿ ಸಿಗುವ "ಪೀರಿಯಡ್ಸ್ ಮಾತ್ರೆ"ಗಳಲ್ಲಿ ಪ್ಯಾರಸಿಟಮಾಲ್ ಸೇರಿ ಎರಡು ಔಷಧಿ ಕೂಡಿರುವುದುಂಟು. ಅದರ ಮೇಲೆ ಪ್ಯಾರಸಿಟಮಾಲ್ ಬೇರೆ ನುಂಗಿದರೆ ಪ್ರಮಾಣ ಇಮ್ಮಡಿಯಾಗಬಹುದು. ಮಾತ್ರೆಯ ಸ್ಟ್ರಿಪ್‌ನ ಹಿಂಬದಿ ಓದಿ.

ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಕಿಬ್ಬೊಟ್ಟೆಯ ಮೇಲೆ 15–20 ನಿಮಿಷ ಇಟ್ಟುಕೊಂಡರೆ ನಿಜಕ್ಕೂ ನೋವು ಇಳಿಯುತ್ತದೆ. ಕೈಗೆ ಹಿತವೆನಿಸುವಷ್ಟು ಬಿಸಿ ಸಾಕು. ಚರ್ಮದ ಮೇಲೆ ಕೆಂಪು–ಕಂದು ಬಲೆಯಂಥ ಗುರುತು ಮೂಡಿದ್ದರೆ ಬಿಸಿ ಅತಿಯಾಯಿತು. ವಾರದಲ್ಲಿ ಮೂರ್ನಾಲ್ಕು ದಿನ ವ್ಯಾಯಾಮ ಮಾಡುವವರಿಗೆ ಒಟ್ಟಾರೆ ನೋವು ಕಡಿಮೆ.

ಹೀಗೆ ಸರಿಯಾದ ಹೊತ್ತಿಗೆ, ಸರಿಯಾದ ಪ್ರಮಾಣದಲ್ಲಿ ಮೂರು ಸುತ್ತು ಮಾತ್ರೆ ತೆಗೆದುಕೊಂಡರೂ ಶಾಲೆ ತಪ್ಪುತ್ತಿದ್ದರೆ ವೈದ್ಯರನ್ನು ಕಾಣಿ. ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಹದಿಹರೆಯದಲ್ಲೂ ಬರುತ್ತದೆ. ಒಂದೇ ಬದಿಯಲ್ಲಿ ದಿಢೀರನೆ ಕತ್ತರಿಸುವಂಥ ನೋವು ಎದ್ದು ಜೊತೆಗೆ ವಾಂತಿಯಾದರೆ, ಮುಟ್ಟಿರಲಿ ಬಿಡಲಿ, ಆಗಲೇ ಆಸ್ಪತ್ರೆಗೆ ಹೊರಡಿ. ಅಂಡಾಶಯ ತಿರುಚಿಕೊಂಡಿದ್ದರೆ ಅದನ್ನು ಉಳಿಸಿಕೊಳ್ಳಲು ಸಿಗುವುದು ಕೆಲವೇ ಗಂಟೆ.

ಅತಿಸ್ರಾವ, ರಕ್ತಹೀನತೆ

ನೋಟ್‌ಬುಕ್ ಹೆಚ್ಚು ಪ್ರಯೋಜನಕ್ಕೆ ಬರುವುದು ಇಲ್ಲಿ. ಏಳು ದಿನ ಮೀರಿದ ಸ್ರಾವ, ಗಂಟೆ–ಎರಡು ಗಂಟೆಗೊಂದು ಪ್ಯಾಡ್ ನೆನೆಯುವುದು, ಸುಮಾರು ಎರಡೂವರೆ ಸೆಂ.ಮೀ. ಮೀರಿದ, ಹೆಪ್ಪುಗಟ್ಟಿದ ರಕ್ತದ ಗಡ್ಡೆಗಳು, ರಾತ್ರಿ ಎದ್ದು ಬದಲಿಸಬೇಕಾಗುವುದು, ಒಂದರ ಮೇಲೊಂದು ಎರಡು ಪ್ಯಾಡ್ ಇಡಬೇಕಾಗುವುದು: ಇವು ಅತಿಸ್ರಾವದ ಗುರುತುಗಳು. ತಾಯಿಗೂ ಅಜ್ಜಿಗೂ ಹಾಗೇ ಹೋಗುತ್ತಿತ್ತು ಎಂದು ಮನೆಯವರು ಸುಮ್ಮನಾಗುತ್ತಾರೆ. ವೈದ್ಯರ ಕಿವಿ ನೆಟ್ಟಗಾಗುವುದೇ ಆ ಮಾತಿಗೆ. ವಾನ್ ವಿಲ್ಲೆಬ್ರಾಂಡ್ ಕಾಯಿಲೆಯಂಥ, ರಕ್ತ ಸರಿಯಾಗಿ ಹೆಪ್ಪುಗಟ್ಟದ ತೊಂದರೆ ವಂಶದಲ್ಲಿ ಇಳಿದುಬರುತ್ತದೆ. ಹುಡುಗಿಯರಲ್ಲಿ ಅದು ಮೊದಲು ಬಯಲಾಗುವುದೇ ಎಷ್ಟೋ ಸಲ ಮುಟ್ಟಿನಲ್ಲಿ. ಹತ್ತು ನಿಮಿಷ ಮೀರಿ ನಿಲ್ಲದ ಮೂಗಿನ ರಕ್ತ, ಒಸಡಿನ ರಕ್ತ, ಪೆಟ್ಟಿಲ್ಲದೆ ಮೂಡುವ ನೀಲಿ ಕಲೆ, ಹಲ್ಲು ಕೀಳಿಸಿದಾಗ ನಿಲ್ಲದ ರಕ್ತ ಇವನ್ನೂ ಬರೆದುಕೊಂಡು ಹೋಗಿ.

ಗಂಟೆಗೊಂದರಂತೆ ಎರಡು ಗಂಟೆಗೂ ಮೀರಿ ಪ್ಯಾಡ್ ತುಂಬುತ್ತಿದ್ದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, ಎದೆ ಬಡಿತ ಏರಿದರೆ ಮರುದಿನಕ್ಕೆ ಕಾಯಬೇಡಿ.

ರಕ್ತಹೀನತೆ ಮೆಲ್ಲಗೆ ಬರುವುದರಿಂದ ಹುಡುಗಿಗೆ ತಿಳಿಯುವುದಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು, ಪಾಠದಲ್ಲಿ ಗಮನ ನಿಲ್ಲದಿರುವುದು, ಮಣ್ಣು, ಸೀಮೆಸುಣ್ಣ, ಮಂಜುಗಡ್ಡೆ ತಿನ್ನುವ ಆಸೆ ಇದರ ಲಕ್ಷಣ. 12 ವರ್ಷ ಮೇಲ್ಪಟ್ಟವರಲ್ಲಿ ಹಿಮೊಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ. ಹಿಮೊಗ್ಲೋಬಿನ್ ಸರಿಯಿದ್ದೂ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು, ಅದನ್ನು ಹೇಳುವುದು ಫೆರಿಟಿನ್ ಪರೀಕ್ಷೆ. ಕಬ್ಬಿಣದ ಮಾತ್ರೆಯನ್ನು ಚಹಾ, ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆಗಳಿಂದ ಕನಿಷ್ಠ ಒಂದೆರಡು ಗಂಟೆ ದೂರವಿಟ್ಟು, ನಿಂಬೆರಸದಂಥ ವಿಟಮಿನ್ ಸಿ ಇರುವುದರ ಜೊತೆ ತೆಗೆದುಕೊಂಡರೆ ಚೆನ್ನಾಗಿ ಮೈಗೆ ಹತ್ತುತ್ತದೆ. ಮಲ ಕಪ್ಪಾಗುತ್ತದೆ, ಹೆದರಬೇಕಿಲ್ಲ. ಹೊಟ್ಟೆ ತೊಳಸಿದರೆ ಬಿಟ್ಟುಬಿಡುವ ಬದಲು ರಾತ್ರಿ ಮಲಗುವ ಮುಂಚೆ ತೆಗೆದುಕೊಳ್ಳಬಹುದೇ, ದಿನ ಬಿಟ್ಟು ದಿನ ಸಾಕೇ ಎಂದು ವೈದ್ಯರನ್ನು ಕೇಳಿ. ಹಿಮೊಗ್ಲೋಬಿನ್ ಏರಿದ ಕೂಡಲೇ ನಿಲ್ಲಿಸುವುದು ದೊಡ್ಡ ತಪ್ಪು. ದಾಸ್ತಾನು ತುಂಬಲು ಅದಾದ ಮೇಲೂ ಸುಮಾರು ಮೂರು ತಿಂಗಳು ಬೇಕು. ಅತಿಸ್ರಾವವನ್ನು ಹಾಗೇ ಬಿಟ್ಟು ಮಾತ್ರೆ ಮಾತ್ರ ನುಂಗಿಸಿದರೆ ತುಂಬಿದ್ದೆಲ್ಲ ಸೋರಿಹೋಗುತ್ತದೆ.

ಬಿಳಿ ಸೆರಗು

ತೆಳುವಾಗಿ, ಬಿಳಿ ಅಥವಾ ಪಾರದರ್ಶಕವಾಗಿ, ಸುತ್ತಿನ ಮಧ್ಯೆ ಹೆಚ್ಚಾಗಿ ಎಳೆಯೆಳೆಯಾಗಿ ಬರುವುದು ಸಹಜ. ಒಣಗಿದಾಗ ಒಳಚಡ್ಡಿಯಲ್ಲಿ ಹಳದಿ ಕಲೆ ಉಳಿಯುವುದೂ ಸಹಜ. ಮೊಸರಿನ ಗಟ್ಟಿಯಂತಿದ್ದು ತೀವ್ರ ತುರಿಕೆಯಿದ್ದರೆ ಶಿಲೀಂಧ್ರ ಸೋಂಕು, ಬೂದು ಬಣ್ಣ ಮತ್ತು ಮೀನಿನ ವಾಸನೆಯಿದ್ದರೆ ಬ್ಯಾಕ್ಟೀರಿಯಾದ ಏರುಪೇರು ಎಂದು ಸಂಶಯಿಸಬಹುದು. ಹಸಿರು–ಹಳದಿ ನೊರೆ, ಕಿಬ್ಬೊಟ್ಟೆ ನೋವು, ಜ್ವರ ಇದ್ದರೆ ಬೇಗ ತೋರಿಸಿ. ಬಿಳಿ ಸೆರಗಿನಿಂದ ಮೂಳೆ ಕರಗುತ್ತದೆ, ಶಕ್ತಿ ಸೋರುತ್ತದೆ ಎಂಬುದು ಸುಳ್ಳು.

ಮುಟ್ಟು ಬಾರದಿದ್ದರೆ, ನಿಂತುಹೋದರೆ

13ರ ಹೊತ್ತಿಗೂ ಸ್ತನ ಬೆಳವಣಿಗೆ ಇಲ್ಲದಿದ್ದರೆ, 15 ತುಂಬಿದರೂ ಮುಟ್ಟು ಬಾರದಿದ್ದರೆ, ಸ್ತನ ಮೂಡಿ ಮೂರು ವರ್ಷವಾದರೂ ಬಾರದಿದ್ದರೆ ಪರೀಕ್ಷೆ ಬೇಕು. ಎಂಟಕ್ಕೂ ಮುಂಚೆ ಸ್ತನ ಮೂಡಿದರೂ ಬೇಕು. ರಕ್ತವೇ ಬಾರದೆ ಪ್ರತಿ ತಿಂಗಳೂ ಕಿಬ್ಬೊಟ್ಟೆ ನೋಯುತ್ತಿದ್ದರೆ, ಅಪರೂಪಕ್ಕೆ ಕೆಲವರಲ್ಲಿರುವಂತೆ, ಕನ್ಯಾಪೊರೆ ಪೂರ್ತಿ ಮುಚ್ಚಿಕೊಂಡು ರಕ್ತ ಒಳಗೇ ನಿಂತಿರಬಹುದು, ಸಣ್ಣ ಶಸ್ತ್ರಚಿಕಿತ್ಸೆಯಿಂದ ಸರಿಹೋಗುತ್ತದೆ.

ಶುರುವಾದ ಮುಟ್ಟು 90 ದಿನ ಬಾರದಿದ್ದರೆ ಮೊದಲು ನೋಡಬೇಕಾದ್ದು ಗರ್ಭಧಾರಣೆ, ಆಮೇಲೆ ಥೈರಾಯ್ಡ್, ಪ್ರೊಲಾಕ್ಟಿನ್ ಎಂಬ ಹಾರ್ಮೋನು, ಊಟ ಬಿಡುವುದು, ತೂಕ ಇಳಿದಿರುವುದು, ಕಠಿಣ ತರಬೇತಿ. ಕ್ರೀಡಾಪಟುಗಳಿಗೆ ಮುಟ್ಟು ನಿಂತರೆ ಒಳ್ಳೆಯದೇ ಆಯಿತು ಎಂದುಕೊಳ್ಳುವವರಿದ್ದಾರೆ. ತಿಂದದ್ದು ಶ್ರಮಕ್ಕೆ ಸಾಲದೆ ಈಸ್ಟ್ರೋಜನ್ ತಗ್ಗಿದಾಗ, ಮೂಳೆ ಗಟ್ಟಿಯಾಗಬೇಕಾದ ವಯಸ್ಸಿನಲ್ಲೇ ಅದು ಸವೆಯುತ್ತದೆ.

ಹಾರ್ಮೋನು ಏರುಪೇರಿನಿಂದ ಮುಟ್ಟು ತಪ್ಪುವ ಪಿಸಿಒಎಸ್ ಬಗ್ಗೆ ಈಗ ಬೇಕಾದ್ದಕ್ಕಿಂತ ಹೆಚ್ಚು ಭಯವಿದೆ. ಹದಿಹರೆಯದಲ್ಲಿ ಸ್ಕ್ಯಾನ್‌ನಲ್ಲಿ ಅಂಡಾಶಯದಲ್ಲಿ ನೀರುಗುಳ್ಳೆಯಂಥ ಹಲವು ಕೋಶಿಕೆಗಳು ಕಾಣುವುದು ಸಾಮಾನ್ಯ. ಆದ್ದರಿಂದ ಮೊದಲ ಮುಟ್ಟಿನಿಂದ ಎಂಟು ವರ್ಷದೊಳಗೆ ಸ್ಕ್ಯಾನ್ ಆಧರಿಸಿ ಪಿಸಿಒಎಸ್ ಎನ್ನಬಾರದೆಂದು ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ಪಿಸಿಒಎಸ್ ಎನ್ನಲು ಸುತ್ತು ವರ್ಷಗಟ್ಟಲೆ ಏರುಪೇರಾಗಿದ್ದು, ಜೊತೆಗೆ ಗಲ್ಲ–ಎದೆಯ ಮೇಲೆ ಒರಟು ಕೂದಲು, ಬಗ್ಗದ ಮೊಡವೆ ಅಥವಾ ರಕ್ತದಲ್ಲಿ ಏರಿದ ಆ್ಯಂಡ್ರೋಜನ್ (ಪುರುಷ ಹಾರ್ಮೋನು) ಇರಬೇಕು. ಕತ್ತಿನ ಹಿಂದೆ ಚರ್ಮ ಕಪ್ಪಾಗಿ ದಪ್ಪವಾಗಿದ್ದರೆ ಸಕ್ಕರೆ ಪರೀಕ್ಷೆಯೂ ಆಗಲಿ.

ಗರ್ಭ, ಲಸಿಕೆ, ದೌರ್ಜನ್ಯ

ಅಂಡಾಣು ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ಹಾಗಾಗಿ ಮೊದಲ ಮುಟ್ಟು ಕಾಣುವ ಮುಂಚೆಯೂ, ಮೊದಲ ಸಂಪರ್ಕದಲ್ಲೇ ಗರ್ಭ ನಿಲ್ಲಬಹುದು. ವೀರ್ಯಾಣು ಒಳಗೆ 5 ದಿನದವರೆಗೂ ಬದುಕುತ್ತದೆ. ಸುತ್ತು ಏರುಪೇರಾಗಿರುವ ವಯಸ್ಸಿನಲ್ಲಿ "ಸುರಕ್ಷಿತ ದಿನ"ದ ಲೆಕ್ಕ ಹಿಡಿಯುವುದು ಅಪಾಯ. ತುರ್ತು ಗರ್ಭನಿರೋಧಕವಾದ ಲೆವೊನೊರ್ಜೆಸ್ಟ್ರೆಲ್ 1.5 ಮಿ.ಗ್ರಾಂ. ಮಾತ್ರೆಯನ್ನು 72 ಗಂಟೆಯೊಳಗೆ, ಆದಷ್ಟು ಬೇಗ ತೆಗೆದುಕೊಳ್ಳಬೇಕು. ಮೂರು ವಾರವಾದರೂ ಮುಟ್ಟು ಬಾರದಿದ್ದರೆ ಮೂತ್ರ ಪರೀಕ್ಷೆ ಮಾಡಬೇಕು. ಬಲಾತ್ಕಾರವಾಗಿದ್ದರೆ ಎಚ್‌ಐವಿ ತಡೆಯುವ ಔಷಧಿಗೂ 72 ಗಂಟೆಯೇ ಗಡುವು. ಸ್ನಾನಕ್ಕೂ, ಬಟ್ಟೆ ಒಗೆಯುವುದಕ್ಕೂ ಮುಂಚೆ ಆಸ್ಪತ್ರೆಗೆ ಕರೆದೊಯ್ಯಿರಿ. ಪ್ರಶ್ನೆಗಳ ಸುರಿಮಳೆ ಬೇಡ, "ನಿನ್ನದು ತಪ್ಪಿಲ್ಲ" ಎಂಬ ಮಾತು ಮೊದಲು ಬರಲಿ.

ಗರ್ಭಕಂಠದ ಕ್ಯಾನ್ಸರಿಗೆ ಬಹುತೇಕ ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ ವೈರಾಣುವೇ ಕಾರಣ. ಲಸಿಕೆಗೆ ತಕ್ಕ ವಯಸ್ಸು 9–14. ಈ ವಯಸ್ಸಿನಲ್ಲಿ ಒಂದು ಅಥವಾ ಎರಡು ಡೋಸ್ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಸೋಂಕು ತಗಲುವ ಸಾಧ್ಯತೆಗೆ ಮುಂಚೆಯೇ ಕೊಡಿಸಬೇಕು ಎಂಬುದೇ ಇಷ್ಟು ಬೇಗ ಕೊಡಲು ಕಾರಣ.

ವೈದ್ಯರ ಬಳಿ ಹೋಗುವಾಗ

ಕನಿಷ್ಠ ಮೂರು ಸುತ್ತಿನ ಲೆಕ್ಕ, ತೆಗೆದುಕೊಂಡ ಮಾತ್ರೆಗಳ ಖಾಲಿ ಸ್ಟ್ರಿಪ್, ಹಳೆಯ ರಿಪೋರ್ಟು ಜೊತೆಗಿರಲಿ. ಹುಡುಗಿ ಒಬ್ಬಳೇ ವೈದ್ಯರ ಜೊತೆ ಐದು ನಿಮಿಷ ಮಾತಾಡಲು ಬಿಡಿ. ತಾಯಿಯ ಎದುರು ಹೇಳಲಾಗದ್ದನ್ನು ಅಲ್ಲಿ ಹೇಳುತ್ತಾಳೆ. ಒಳಪರೀಕ್ಷೆಯ ಹೆದರಿಕೆಯಿಂದಲೇ ಎಷ್ಟೋ ಹುಡುಗಿಯರು ಬರಲು ಒಪ್ಪುವುದಿಲ್ಲ. ಈ ವಯಸ್ಸಿನಲ್ಲಿ ಅದು ಸಾಮಾನ್ಯವಾಗಿ ಬೇಕಾಗುವುದಿಲ್ಲ ಎಂದು ಮೊದಲೇ ತಿಳಿಸಿ. ಸ್ಕ್ಯಾನ್ ಹೊಟ್ಟೆಯ ಮೇಲಿನಿಂದಲೇ ಆಗುತ್ತದೆ. ಅದಕ್ಕೆ ಒಂದು ಗಂಟೆ ಮುಂಚೆ ಮೂರ್ನಾಲ್ಕು ಲೋಟ ನೀರು ಕುಡಿದು ಮೂತ್ರ ಹಿಡಿದಿಟ್ಟುಕೊಂಡಿರಬೇಕು, ಇಲ್ಲದಿದ್ದರೆ ಗರ್ಭಕೋಶ ಸರಿಯಾಗಿ ಕಾಣುವುದಿಲ್ಲ. ಹಾರ್ಮೋನು ಮಾತ್ರೆ ಬರೆದುಕೊಟ್ಟರೆ ಎಷ್ಟು ತಿಂಗಳು, ಮರೆತರೆ ಏನು ಮಾಡಬೇಕು, ಮೈಗ್ರೇನ್ ಅಥವಾ ಮನೆಯಲ್ಲಿ ಯಾರಿಗಾದರೂ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದುಂಟೇ ಎಂಬುದನ್ನು ಅಲ್ಲೇ ಕೇಳಿ, ಹೇಳಿ. ಪರೀಕ್ಷೆ, ಪಂದ್ಯ, ಪ್ರವಾಸಕ್ಕೆಂದು ಮುಟ್ಟು ಮುಂದೂಡುವ ಮಾತ್ರೆಗೂ ಇದೇ ವಿಚಾರಣೆ ಬೇಕು. ಔಷಧಿ ಅಂಗಡಿಯಿಂದ ನೇರವಾಗಿ ತಂದು ನುಂಗುವ ಮಾತ್ರೆಯಲ್ಲ ಅದು.